ನೆಲ ಸವರುವ ಪಿಕಪ್ಪು

ಎಲ್ಲದಕ್ಕೂ ಕಾರಣ ಕಿರುಬೆರಳು ಗಾತ್ರದ ಒಂದು ರಬ್ಬರ್ ಕೊಳವೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅದು ಉಸ್ಸೆಂದಿತು. ಲಿಬ್ರಾಡೊ ಎರಡು ವರ್ಷ ಅಂಗಳದಲ್ಲಿ ಅಂಗಾತ ಮಲಗಿ ಸರಿಪಡಿಸಿದ್ದ ಅರವತ್ತನಾಲ್ಕನೇ ಇಸವಿಯ ಶೆವರ್ಲೆ ಪಿಕಪ್ಪು ಕಾವಿಗೆ ಕೂತ ಕೋಳಿಯಂತೆ ನೆಲ ಹಿಡಿಯಿತು.

ತೀರಿಕೊಂಡ ಅಪ್ಪ ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ್ದ ಬಂಡಿ ಅದು. ಅವರ ಊರು ಎಸ್ಪನ್ಯೋಲದಲ್ಲಿ ಬಂಡಿ ಎಷ್ಟು ತಗ್ಗೋ ಯಜಮಾನನ ತಲೆ ಅಷ್ಟು ಎತ್ತರ. ಲಿಬ್ರಾಡೊ ಅದರ ಚಕ್ರಗಳ ಬಳಿ ಗಾಳಿಚೀಲ ಇಟ್ಟು, ಕೊಳವೆಯಿಂದ ಗಾಳಿ ತುಂಬುವಂತೆ ಜೋಡಿಸಿದ್ದ. ಗುಂಡಿ ಒತ್ತಿದರೆ ಏಳಬೇಕು, ಮತ್ತೆ ಒತ್ತಿದರೆ ಕೂರಬೇಕು. ಈಗ ಕೂತಿತೇ ಹೊರತು ಏಳಲಿಲ್ಲ.

ಅಮ್ಮ ಯುಫೇಮಿಯಾ ಇಗರ್ಜಿಗೆ ಹೊರಡುವ ಮೊದಲು ಖಡಾಖಂಡಿತವಾಗಿ ಹೇಳಿದ್ದಳು. "ಎರಡು ವರ್ಷದಿಂದ ಬಂಡಿ ಅಡಿಯಿಂದ ಬರೀ ನಿನ್ನ ಕಾಲೇ ನೋಡ್ತಿದೀನಿ. ಇವತ್ತು ಪೂಜೆ ಆದ್ಮೇಲೆ ಪಾದ್ರಿಗಳು ಬಂಡಿಗಳಿಗೆ ತೀರ್ಥ ಹಾಕ್ತಾರೆ. ಅಷ್ಟರಲ್ಲಿ ತಂದು ನಿಲ್ಲಿಸಿದ್ರೆ ನಿಂದು. ಇಲ್ದಿದ್ರೆ ನಾಬೋರ್‌ಗೆ ಕೊಡ್ತೀನಿ."

ನಾಬೋರ್ ತಂಗಿಯ ಗಂಡ. ಟ್ರಾಕ್ಟರಿನ ಚಕ್ರದಂಥ ಚಕ್ರ ಹಾಕಿ, ಏಣಿ ಇಟ್ಟು ಹತ್ತುವ ಬಂಡಿ ಓಡಿಸುವವನು. ಅವನ ಕೈಗೆ ಸಿಕ್ಕರೆ ಅಪ್ಪನ ಪಿಕಪ್ಪೂ ಹಾಗೇ ಮೇಲೇರಿ ಏಣಿ ಕೇಳುವುದು ಖಂಡಿತ.

ಪಕ್ಕದ ಮನೆಯ ಮುದುಕ ಒನೋಫ್ರೆ ಬರಿಟೊ ಮೆಲ್ಲುತ್ತ ಬಂದ. "ಕೂತ್ಬಿಡ್ತಾ?"

"ಕಾಣ್ಸಲ್ವಾ ಮಾಮ?"

"ನಿಮ್ಮಪ್ಪ ಆಗಿದ್ರೆ ಮೊದ್ಲು ಕೊಳವೆ ನೋಡ್ತಿದ್ದ."

"ಅದನ್ನೇ ನೋಡ್ತಿದೀನಿ."

"ನೋಡಿದ್ರೆ ಏಳುತ್ತಾ? ಹೊಸದು ಹಾಕ್ಬೇಕು."

"ಭಾನುವಾರ ಯಾವ ಅಂಗಡಿ ತೆಗೆದಿರುತ್ತೆ, ಹೇಳಿ."

ಒನೋಫ್ರೆ ಬೆರಳು ನೆಕ್ಕಿಕೊಂಡು ಯೋಚಿಸಿದ. ಬಂಡಿಗೂ ನೆಲಕ್ಕೂ ಎರಡು ಬೆರಳು ಸಂದು. ಇಗರ್ಜಿಗೆ ಒಂದೂವರೆ ಮೈಲಿ, ದಾರಿಯಲ್ಲಿ ಹನ್ನೊಂದು ವೇಗತಡೆ ಉಬ್ಬು. ಪ್ರತಿ ಉಬ್ಬಿಗೂ ಹಲಗೆ ಹಾಸಿ ದಾಟಿಸಿದರಾಯಿತು. ಇಗರ್ಜಿಗೆಂದು ಕರಿ ಕೋಟು ತೊಟ್ಟು ಹೊರಟಿದ್ದ ನಾಲ್ವರು ನೆರೆಯವರನ್ನು ಹಿಡಿದು ತಂದು ಹೆಗಲಿಗೆ ಹಲಗೆ ಹೊರಿಸಿದ.

ದಾರಿಯಲ್ಲಿ ಇನ್ನೇನು ಕಳಚಿಕೊಳ್ಳುತ್ತದೋ ಎಂದು ಲಿಬ್ರಾಡೊ ಆರಡಿಯ ಸಲಕರಣೆ ಪೆಟ್ಟಿಗೆಯನ್ನು ಹಿಂದೆ ಇಟ್ಟ. ಬಂಡಿಯ ಹೊಸ ಕೆಂಪು ಬಣ್ಣಕ್ಕೆ ಗೀರು ಬಿದ್ದೀತೆಂದು ಪೆಟ್ಟಿಗೆಗೆ ಅಮ್ಮನ ಮಖಮಲ್ ಕಂಬಳಿ ಸುತ್ತಿದ. ಕಂಬಳಿಯ ತುಂಬ ಗ್ವಾದಲೂಪೆಯ ಮೇರಿ ಮಾತೆಯ ಚಿತ್ರ.

ಹೀಗೆ ಹೊರಟಿತು ಸವಾರಿ. ಮುಂದೆ ಆಮೆಯ ನಡಿಗೆಯ ಕೆಂಪು ಪಿಕಪ್ಪು, ಅದರಲ್ಲಿ ಕಂಬಳಿ ಹೊದ್ದ ಉದ್ದನೆಯ ಪೆಟ್ಟಿಗೆ, ಪಕ್ಕದಲ್ಲಿ ಒನೋಫ್ರೆ, ಹಿಂದೆ ಹಲಗೆಯ ಭಾರಕ್ಕೆ ತಲೆತಗ್ಗಿಸಿ ನಡೆಯುವ ಕರಿಕೋಟಿನವರು.

ಹಿಂದಿನಿಂದ ಬಂದ ಮೊದಲ ಕಾರು ಹಾರನ್ ಹೊಡೆಯಲಿಲ್ಲ. ಶವಯಾತ್ರೆಗೆ ಮಾಡುವಂತೆ ಹಾಡುಹಗಲೇ ದೀಪ ಹಾಕಿಕೊಂಡು ಸಾಲಿಗೆ ಸೇರಿತು. ಅದರ ಹಿಂದೆ ಇನ್ನೊಂದು. ಎದುರಿನವರು ಬದಿಗೆ ಸರಿದು ಟೋಪಿ ತೆಗೆದರು. ಬಣ್ಣ ನೋಡಿ ಬೆರಗಾಗಿದ್ದಾರೆಂದು ಲಿಬ್ರಾಡೊ ಎರಡು ಬೆರಳೆತ್ತಿ ವಂದಿಸಿದ. ಕನ್ನಡಿಯಲ್ಲಿ ನಲವತ್ತು ಕಾರು ಕಂಡಾಗ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

ಸತ್ತವರು ಯಾರೆಂದು ಹಿಂದಿನವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಎಲ್ಲರೂ ನೆಂಟರಾದ ಊರಿನಲ್ಲಿ ಹಾಗೆ ಕೇಳುವುದು ಮಾನಗೇಡು. ಏಳನೆಯ ಉಬ್ಬಿನ ಹತ್ತಿರ ಯಾರೋ ಲೆಕ್ಕ ಹಾಕಿದರು: ಪಿಕಪ್ಪು ಯುಫೇಮಿಯಾಳದು, ಓಡಿಸುವವನು ಮಗ, ಯುಫೇಮಿಯಾ ಕಾಣುತ್ತಿಲ್ಲ. ಎಂಟನೆಯ ಉಬ್ಬಿಗೆ ಪೆಟ್ಟಿಗೆಯ ಮೇಲೆ ಹೂ ಬಿತ್ತು. ಒಂಬತ್ತನೆಯದಕ್ಕೆ ಹೆಂಗಸರು ಅಳತೊಡಗಿದರು. ಬೆವರು ಕಣ್ಣಿಗಿಳಿದು ಹಲಗೆ ಹೊತ್ತಿದ್ದವರಿಗೆ ಇದೊಂದೂ ತಿಳಿಯಲಿಲ್ಲ.

ಇಗರ್ಜಿ ಮುಟ್ಟುವಾಗ ಪಾದ್ರಿಗಳು ತೀರ್ಥದ ಪಾತ್ರೆ ಹಿಡಿದು, ತೀರ್ಥಕ್ಕೆ ಬಂದು ನಿಂತಿದ್ದ ಕೊನೆಯ ಕಾರಿನ ಬಳಿ ಇದ್ದರು. ಸಾಲು ನೋಡಿ ಗಾಬರಿಯಾಗಿ ಸಾವಿನ ಗಂಟೆ ಬಾರಿಸಲು ಹೇಳಿದರು. ಸಾಲಿನ ನಡುವೆ ತನ್ನ ಏಣಿಬಂಡಿಯಿಂದ ಇಳಿದ ನಾಬೋರ್ ಪೆಟ್ಟಿಗೆಯನ್ನು ತಬ್ಬಿಕೊಂಡ. "ಅತ್ತೆ, ದೇವರಂಥೋರು ನೀವು. ನಿಮ್ಮ ಕೈರುಚಿಯ ತಮಾಲೆ ತಿನ್ನೋಕೆ ಇನ್ನೆಲ್ಲಿ ಸಿಗುತ್ತೆ?"

"ಯಾರ್ಗೆ ಏನಾಯ್ತು?" ಎನ್ನುತ್ತ ಯುಫೇಮಿಯಾ ಬಿಸ್ಕತ್ತು ಕಡಿಯುತ್ತ ಬಾಗಿಲಿಗೆ ಬಂದಳು.

ಮೊದಲು ಎಲ್ಲರೂ ಶಿಲುಬೆ ಗುರುತು ಹಾಕಿಕೊಂಡರು. ಒನೋಫ್ರೆ ಕಂಬಳಿ ಎಳೆದು ಮುಚ್ಚಳ ತೆಗೆದ. ಒಳಗಿದ್ದದ್ದು ಜಾಕು, ಸ್ಪ್ಯಾನರು, ಒಂದು ಡಬ್ಬಿ ಗ್ರೀಸು. ನಗು ಇಗರ್ಜಿಯ ಮಾಡಿನವರೆಗೆ ಎದ್ದಿತು.

ಯುಫೇಮಿಯಾ ಮಾತ್ರ ನಗಲಿಲ್ಲ. ಕಾರುಗಳ ಸಾಲನ್ನು ಕೊನೆಯವರೆಗೂ ಎಣಿಸಿದಳು, ಹೂವನ್ನು ನೋಡಿದಳು, ಅಳಿಯನ ಒದ್ದೆ ಮೀಸೆಯನ್ನು ನೋಡಿದಳು. ಕಣ್ಣು ತುಂಬಿ ಬಂತು. "ನನ್ನ ಗಂಡ ಹೋದಾಗಲೂ ಇಷ್ಟು ಜನ ಬಂದಿರ್ಲಿಲ್ಲ," ಎಂದಳು.

ಪಾದ್ರಿಗಳು ಪಿಕಪ್ಪಿಗೂ ತೀರ್ಥ ಚಿಮುಕಿಸಿದರು. ಯುಫೇಮಿಯಾ ಮಗನ ಭುಜ ಹಿಡಿದಳು.

"ನಾಬೋರ್‌ಗೆ ಕೊಡಲ್ಲ. ಅವನು ಎತ್ತರ ಮಾಡಿದ್ರೆ ನನ್ನ ಪೆಟ್ಟಿಗೆ ಏರಿಸೋಕೆ ಕ್ರೇನ್ ಬೇಕಾಗುತ್ತೆ. ಬಂಡಿ ನಿಂದೇ ಮಗನೇ. ನನ್ನನ್ನ ಇದ್ರಲ್ಲೇ ಕಳಿಸ್ಬೇಕು, ಇವತ್ತಿನ ಹಾಗೇ."

"ಆಗ್ಲಿ ಅಮ್ಮ," ಎಂದ ಲಿಬ್ರಾಡೊ. ಅವನಿಗೆ ಕುಣಿಯುವಷ್ಟು ಸಂತೋಷವಾಗಿತ್ತು.

"ಅಲ್ಲೀವರೆಗೆ ಒಂದು ಗೀರೂ ಬೀಳಬಾರದು. ಕೀಲಿ ಕೊಡು." ಕೀಲಿ ಅವಳ ಕೈಚೀಲಕ್ಕೆ ಬಿತ್ತು, ಜಿಪ್ಪು ಮುಚ್ಚಿತು. "ಮನೆಗೆ ತಳ್ಕೊಂಡು ಹೋಗಿ ಶೆಡ್ಡಲ್ಲಿ ನಿಲ್ಸು. ವಾರವಾರ ಒರೆಸ್ತಿರು. ನಾನು ಹೋದ ದಿನ ಹೊರಗೆ ತೆಗಿ."

ನಾಲ್ವರು ಕರಿಕೋಟಿನವರು ಮತ್ತೆ ಹಲಗೆ ಎತ್ತಿಕೊಂಡರು. ಲಿಬ್ರಾಡೊ ತಳ್ಳಲು ಪಿಕಪ್ಪಿಗೆ ಬೆನ್ನು ಕೊಟ್ಟು, ಅಮ್ಮನಿಗೆ ಕೇಳದಂತೆ ಒನೋಫ್ರೆಯನ್ನು ಕೇಳಿದ. "ಮಾಮ, ಅಮ್ಮನ ತಾಯಿ ಎಷ್ಟು ವರ್ಷ ಬದುಕಿದ್ರು?"

"ನೂರಾ ಎರಡು," ಎಂದ ಒನೋಫ್ರೆ. "ಅದೂ ವಯಸ್ಸಾಗಿ ಹೋಗಿದ್ದಲ್ಲ. ಏಪ್ರಿಕಾಟ್ ಕೀಳೋಕೆ ಮರ ಹತ್ತಿ ಬಿದ್ದಿದ್ದು."