ಗೇಟಿನ ಹೊರಗೆ ಒಂದು ಡಜನ್ ಮೊಟ್ಟೆ

ಚಿಕ್ಕ ಮಕ್ಕಳನ್ನು ಕರೆದುಕೊಂಡು ಸಾಮಾನು ತರಲು ಹೋದವರಿಗೆ ಏನಾದರೂ ಆಗದೆ ಇರುವುದಿಲ್ಲ. ನನ್ನ ಮಕ್ಕಳಾದರೋ ಶಿಸ್ತಿನಲ್ಲಿ ಬೆಳೆದವರು. ಆದ್ದರಿಂದ ನಮಗೆ ಇತರರಿಗಿಂತ ಸ್ವಲ್ಪ ಹೆಚ್ಚೇ ಆಗುತ್ತಿತ್ತು.

ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಕಲಿತದ್ದನ್ನು ಮಕ್ಕಳಿಗೆ ಹಾಗೆಯೇ ದಾಟಿಸಿದ್ದೆ. ಹಿರಿಯರು ಕೇಳಿದರೆ ಪೂರ್ಣ ವಾಕ್ಯದಲ್ಲಿ ಸತ್ಯವನ್ನೇ ಹೇಳಬೇಕು. ಬೀದಿಯಲ್ಲಿ ನಿಂತು ತಿನ್ನಬಾರದು. ಬಾಯಲ್ಲಿ ತಿಂಡಿ ಇರುವಾಗ ಮಾತಾಡಬಾರದು. ಮಗಳಿಗೆ ಆಗ ಏಳು ವರ್ಷ, ಮಗನಿಗೆ ಐದು. ಮಗಳು ಮೂರನ್ನೂ ಪಾಲಿಸುತ್ತಿದ್ದಳು. ಮಗ ಮೂರನೆಯದನ್ನು ಮಾತ್ರ ಪಾಲಿಸುತ್ತಿದ್ದ, ಏಕೆಂದರೆ ಅವನ ಬಾಯಿ ಖಾಲಿ ಇರುತ್ತಿದ್ದದ್ದೇ ಕಡಿಮೆ.

ತೊಂಬತ್ತರ ದಶಕದಲ್ಲಿ ನಾವು ವಡೋದರಾದ ಮಂಜಲ್‌ಪುರದಲ್ಲಿದ್ದೆವು. ಯಜಮಾನರಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಮನೆ ಬಾಡಿಗೆಯದು. ಕೆಳಗೆ ಮನೆಯೊಡತಿ, ಮೇಲೆ ನಾವು. ಇಡೀ ಬೀದಿ ಆಕೆಯನ್ನು ಮಾಸಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿತ್ತು. ಎಪ್ಪತ್ತು ದಾಟಿದ್ದ ಮಾಸಿ ಬೆಳ್ಳುಳ್ಳಿಯನ್ನೂ ಮುಟ್ಟುತ್ತಿರಲಿಲ್ಲ. ನಮಗಿಂತ ಮೊದಲು ಇದ್ದ ಬಾಡಿಗೆದಾರರು ಒಂದು ಭಾನುವಾರ ಆಮ್ಲೆಟ್ ಮಾಡಿದ್ದರು. ಮುಂದಿನ ಭಾನುವಾರಕ್ಕೆ ಅವರು ಆ ಮನೆಯಲ್ಲಿರಲಿಲ್ಲ. ಮನೆಗೆ ಬಂದ ದಿನವೇ ಮಾಸಿ ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದರು. "ನಾನು ಈ ಮನೆಯೊಳಗೆ ಮೊಟ್ಟೆ ತರುವುದಿಲ್ಲ" ಎಂದು ಹೇಳಿದ್ದೆ. ಮಕ್ಕಳ ಶಾಲೆ ಪಕ್ಕದ ಬೀದಿಯಲ್ಲೇ ಇತ್ತು. ಅಂಥ ಮನೆ ಮತ್ತೆ ಸಿಗುವಂತಿರಲಿಲ್ಲ.

ಆ ವರ್ಷ, ನನಗೆ ಅಡುಗೆ ಕಲಿಸಿದ್ದ ಸಿಸ್ಟರ್ ಒಬ್ಬರು ವರ್ಗವಾಗಿ ವಡೋದರಾದ ಕಾನ್ವೆಂಟಿಗೆ ಬಂದರು. ನಾವು ಕ್ರೈಸ್ತರಲ್ಲ. ಆದರೂ ಅವರು ಕಲಿಸಿದ ಕ್ರಿಸ್‌ಮಸ್ ಕೇಕನ್ನು ಅವರಿಗೇ ತಂದುಕೊಡುತ್ತೇನೆ ಎಂದು ನಾನು ಹೇಳಿಬಿಟ್ಟೆ. ಮೊಟ್ಟೆಯಿಲ್ಲದ್ದನ್ನು ಕೇಕ್ ಎಂದು ಸಿಸ್ಟರ್ ಒಪ್ಪುವವರಲ್ಲ.

ದಾರಿ ಒಂದಿತ್ತು. ಫತೇಗಂಜಿನ ಬೇಕರಿಗೆ ನಮ್ಮ ಸಾಮಾನು ನಾವೇ ಒಯ್ದು ಕೊಟ್ಟರೆ ಅವರ ಒಲೆಯಲ್ಲಿ ಬೇಯಿಸಿ ಕೊಡುತ್ತಾರೆ. ಮೊಟ್ಟೆ ಅಂಗಡಿಯಿಂದ ಬೇಕರಿಗೆ, ಕೇಕ್ ಬೇಕರಿಯಿಂದ ಕಾನ್ವೆಂಟಿಗೆ. ಯಾವುದೂ ಮನೆಗೆ ಬರುವುದಿಲ್ಲ, ಕೊಟ್ಟ ಮಾತು ಉಳಿಯುತ್ತದೆ. ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ ಮಧ್ಯಾಹ್ನ, ಶಾಲೆ ಮುಗಿಸಿ ಬಂದ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೊರಟೆ.

ರುಚಿ ನೋಡಿ

ಮೊದಲು ಕಿರಾಣಿ ಅಂಗಡಿ. ಗುಜರಾತಿನ ಕಿರಾಣಿಯವರದ್ದು ಒಂದು ಪದ್ಧತಿ: ಕೊಳ್ಳುವ ಮೊದಲು ರುಚಿ ನೋಡಲೇಬೇಕು. ನೋಡದಿದ್ದರೆ ಅವರಿಗೆ ಅವಮಾನ. "ಚಾಖೋ, ಬೆನ್, ಚಾಖೋ", ರುಚಿ ನೋಡಿ ಅಕ್ಕಾ, ಎಂದು ಅಂಗಡಿಯ ಕಾಕಾ ಒಣದ್ರಾಕ್ಷಿ ಮುಂದೆ ಹಿಡಿದರು. ನಾನು ಬೇಡವೆಂದೆ. ಮಗ ಬೇಡವೆನ್ನಲಿಲ್ಲ. ಕಪ್ಪು ದ್ರಾಕ್ಷಿ, ಕಂದು ದ್ರಾಕ್ಷಿ, ಗೋಡಂಬಿ, ಅಂಜೂರ, ಖರ್ಜೂರ, ಬಣ್ಣಬಣ್ಣದ ಟುಟ್ಟಿ ಫ್ರುಟಿ, ಎಲ್ಲವನ್ನೂ ಕೈಕಟ್ಟಿ ನಿಂತು, ಪ್ರತಿಯೊಂದಕ್ಕೂ ಥ್ಯಾಂಕ್ಯೂ ಹೇಳಿ ತಿಂದ.

"ಎಷ್ಟು ಒಳ್ಳೆಯ ಹುಡುಗ, ಯಾವುದಕ್ಕೂ ಹಟವಿಲ್ಲ" ಎಂದರು ಕಾಕಾ.

ಅಷ್ಟರಲ್ಲಿ ಒಬ್ಬ ಪೊಲೀಸ್ ಪೇದೆ ಇಂಗು ಕೊಳ್ಳಲು ಬಂದು ನಮ್ಮ ಪಕ್ಕದಲ್ಲೇ ನಿಂತ.

"ಇಷ್ಟೊಂದು ದ್ರಾಕ್ಷಿ ಯಾತಕ್ಕೆ ಬೇಟಾ?" ಕಾಕಾ ಮಗಳನ್ನು ಕೇಳಿದರು.

ನನ್ನ ಮಗಳಿಗೆ ಕನ್ನಡ ಬರುವುದು ಅಷ್ಟಕ್ಕಷ್ಟೆ, ಗುಜರಾತಿ ಮಾತ್ರ ನೀರು ಕುಡಿದಂತೆ. ಬೆನ್ನು ನೆಟ್ಟಗೆ ಮಾಡಿಕೊಂಡು ಉತ್ತರ ಕೊಟ್ಟಳು: "ಇದನ್ನು ಕೇಕಿಗೆ ಹಾಕುತ್ತೇವೆ. ಮಂಗಳೂರಿನಲ್ಲಾದರೆ ಮಮ್ಮಿ ಇದನ್ನು ರಮ್‌ನಲ್ಲಿ ನೆನೆಹಾಕುತ್ತಾರೆ."

ಅಂಗಡಿಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಪಾನನಿಷೇಧವಿದ್ದು, ಹೆಂಡದ ಹೆಸರು ಎತ್ತಿದರೂ ಜನ ಹಿಂದೆ ಮುಂದೆ ನೋಡುವ ರಾಜ್ಯ ಅದು. ಪೇದೆ ಇಂಗಿನ ಡಬ್ಬಿ ಕೆಳಗಿಟ್ಟ.

"ಇಲ್ಲಿ?" ಎಂದ.

"ಇಲ್ಲಿ ರಮ್ ಸಿಗುವುದಿಲ್ಲ. ಅದಕ್ಕೇ ಕಿತ್ತಳೆ ರಸದಲ್ಲಿ ನೆನೆಹಾಕುತ್ತಾರೆ."

"ಬರೀ ಕಿತ್ತಳೆ ರಸವಾ?"

"ಬರೀ ಕಿತ್ತಳೆ ರಸ" ಎಂದೆ ನಾನು.

"ಹಾಗಾದರೆ ತೊಂದರೆಯಿಲ್ಲ ಬಿಡಿ" ಎಂದ ಪೇದೆ. ಅವನ ದನಿಯಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಿತ್ತು.

ಯಾರದೋ ಮೊಟ್ಟೆ, ಯಾರದೋ ಕೇಕ್

ಫತೇಗಂಜಿನಲ್ಲಿ ಮೊಟ್ಟೆ ಸಿಕ್ಕಿತು. ಒಂದು ಡಜನ್. ಹುಲ್ಲು ಹಾಸಿದ ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿ, ಮುಚ್ಚಳ ಬಿಗಿದು, ಮೈದಾ ಬೆಣ್ಣೆಗಳ ಜೊತೆ ಬಟ್ಟೆಯ ಚೀಲಕ್ಕಿಳಿಸಿದೆ. ಬೇಕರಿಯ ಮುಂದೆ ಉದ್ದದ ಸಾಲು. ನಮ್ಮ ಸರದಿ ಬರುವ ಹೊತ್ತಿಗೆ ಬೇಕರಿಯವನು ಬಾಗಿಲಿಗೆ ಕೈ ಅಡ್ಡ ಇಟ್ಟ.

"ಇವತ್ತಿನ ಒಲೆ ತುಂಬಿತು, ಮೇಡಂ. ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ, ಮೊದಲ ತಟ್ಟೆ ನಿಮ್ಮದೇ."

"ಸರಿ. ಸಾಮಾನು ಇಲ್ಲೇ ಇಟ್ಟುಹೋಗುತ್ತೇನೆ."

"ಅದು ಮಾತ್ರ ಆಗುವುದಿಲ್ಲ. ಹೋದ ವರ್ಷ ಒಬ್ಬರ ಮೊಟ್ಟೆ ಇನ್ನೊಬ್ಬರ ಕೇಕಿಗೆ ಹೋಯಿತು. ಆ ಎರಡು ಮನೆಯವರು ಈಗಲೂ ಇಗರ್ಜಿಯಲ್ಲಿ ಬೇರೆ ಬೇರೆ ಬೆಂಚಿನಲ್ಲಿ ಕೂರುತ್ತಾರೆ. ಅಂದಿನಿಂದ ಯಾರ ಮೊಟ್ಟೆಯನ್ನೂ ನಾನು ಇಟ್ಟುಕೊಳ್ಳುವುದಿಲ್ಲ."

ಮೊಟ್ಟೆಯ ಅಂಗಡಿಗೆ ಹಿಂತಿರುಗಿದೆ. ಮಾರಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಬೆಳಿಗ್ಗೆ ಅಂಗಡಿ ತೆರೆಯುವುದು ಒಂಬತ್ತಕ್ಕಂತೆ. ಎಸೆದುಹೋಗೋಣವೆಂದರೆ ತಿನ್ನುವ ವಸ್ತುವನ್ನು ಎಸೆಯುವುದು ನಾನು ಕಲಿತ ಪಾಠದಲ್ಲಿಲ್ಲ.

"ಮಮ್ಮಿ, ಈಗ ನಾವು ಮೊಟ್ಟೆಯನ್ನು ಮನೆಗೆ ತೆಗೆದುಕೊಂಡು ಹೋಗುತ್ತೇವೆಯೇ?" ಮಗಳು ಕೇಳಿದಳು.

"ಇಲ್ಲ."

"ಹಾಗಾದರೆ ನಾವು ಮೊಟ್ಟೆಯ ಜೊತೆ ಎಲ್ಲಿ ಇರುತ್ತೇವೆ?"

ಪೂರ್ಣ ವಾಕ್ಯದ ಉತ್ತರ ಹುಡುಕುವ ಬದಲು ನಾನು ರಿಕ್ಷಾಕ್ಕೆ ಕೈ ತೋರಿಸಿದೆ.

ಆಲೂಗಡ್ಡೆಯಿಲ್ಲದ ಮಸಾಲೆ ದೋಸೆ

ರಿಕ್ಷಾ ಹಿಡಿದೆವು. ಉತ್ತರಾಯಣದ ಗಾಳಿಪಟಕ್ಕೆಂದು ರಸ್ತೆಯ ಬದಿಯಲ್ಲೆಲ್ಲ ದಾರಕ್ಕೆ ಗುಲಾಬಿ ಬಣ್ಣ ಹಚ್ಚುತ್ತಿದ್ದರು. ಅದನ್ನು ತಪ್ಪಿಸಲು ರಿಕ್ಷಾ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿತ್ತು. ಒಂದೊಂದು ಹೊಂಡಕ್ಕೂ ನನ್ನ ಪ್ರಾಣ ಡಬ್ಬಿಯೊಳಗೆ ಹೋಗಿ ಬರುತ್ತಿತ್ತು.

ದಾರಿಯಲ್ಲಿ ಕುಂದಾಪುರದವರೊಬ್ಬರ ಹೋಟೆಲು. ಊರಿನವರು, ಸಹಾಯ ಮಾಡಿಯಾರು ಎಂದು ಇಳಿದೆ. ಗಲ್ಲಾದಲ್ಲಿ ಕೂತಿದ್ದವರ ಹತ್ತಿರ ಬಗ್ಗಿ ಮೆಲ್ಲನೆ ವಿಷಯ ಹೇಳಿದೆ. ಅವರು ಸುತ್ತಲೂ ನೋಡಿ ನನಗಿಂತ ಮೆಲ್ಲನೆ ಮಾತಾಡಿದರು.

"ಎಂಥದು ಮಾರಾಯ್ರೆ ನೀವು? ಇಲ್ಲಿ ಬರುವ ಜೈನರಿಗೆ ಈರುಳ್ಳಿ ಆಗುದಿಲ್ಲ, ಬೆಳ್ಳುಳ್ಳಿ ಆಗುದಿಲ್ಲ. ಆಲೂಗಡ್ಡೆ ಹಾಕದ ಮಸಾಲೆ ದೋಸೆ ಮಾಡಿ ಬದುಕ್ತಾ ಇದ್ದೇನೆ ನಾನು."

"ಡಬ್ಬಿ ಮುಚ್ಚಿದೆ. ಒಂದು ಮೂಲೆಯಲ್ಲಿದ್ದರೆ ಯಾರಿಗೆ ಗೊತ್ತಾಗುತ್ತದೆ?"

ಅವರು ನನ್ನ ಮಗಳ ಕಡೆ ನೋಡಿದರು. ಪಕ್ಕದ ಮೇಜಿನ ಅಜ್ಜಿ ಆಗಲೇ ಅವಳನ್ನು ಮಾತಾಡಿಸಲು ಬಾಗಿದ್ದರು.

"ಅಮ್ಮಾ, ನೀವು ಬೇಕಾದರೆ ಇಲ್ಲೇ ಇರಿ. ಮಗ ಇರಲಿ, ತಿನ್ನಲಿಕ್ಕೆ ಕೊಡುವ. ಆದರೆ ಮೊಟ್ಟೆಯನ್ನೂ ಈ ಹುಡುಗಿಯನ್ನೂ ಕೂಡಲೇ ಕರಕೊಂಡು ಹೋಗಿ."

ದೀಪ ಹಚ್ಚುವ ಹೊತ್ತು

ಕೊನೆಗೆ ಒಂದು ಉಪಾಯ ಹೊಳೆಯಿತು. ಯಜಮಾನರು ಕಾರ್ಖಾನೆಯಿಂದ ಸ್ಕೂಟರಿನಲ್ಲಿ ಬರುವ ಹೊತ್ತಾಗಿತ್ತು. ನಮ್ಮ ಮನೆಯ ಗೇಟಿನ ಹೊರಗೇ ಅವರನ್ನು ತಡೆದು, ಕಾರ್ಖಾನೆಯ ಕಾಲೊನಿಯಲ್ಲಿದ್ದ ಅವರ ಸಹೋದ್ಯೋಗಿಯ ಮನೆಗೆ ಡಬ್ಬಿ ಕಳಿಸಿಬಿಡುವುದು. ಅಲ್ಲಿಯವರೆಗೆ ಹೊರಗೆ ನಿಲ್ಲುವುದು.

ನಿಂತೆವು. ಚಳಿ ಏರುತ್ತಿತ್ತು. ಮಾಸಿ ಎಂದಿನಂತೆ ಕೆಳಗಿನ ಜಗಲಿಯಲ್ಲಿ ಉಯ್ಯಾಲೆಯ ಮೇಲೆ ಕೂತಿದ್ದರು.

"ಯಾಕೆ ಬೆನ್, ಅಲ್ಲೇ ನಿಂತೆ? ಒಳಗೆ ನಡಿ."

"ಆಮೇಲೆ ಬರುತ್ತೇನೆ, ಮಾಸಿ."

ಉಯ್ಯಾಲೆ ನಿಂತಿತು. ಮಾಸಿ ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಬಂದರು. "ದೀಪ ಹಚ್ಚುವ ಹೊತ್ತಿನಲ್ಲಿ ಮನೆಯ ಲಕ್ಷ್ಮಿ ಹೊರಗೆ ನಿಲ್ಲುತ್ತಾಳಾ? ಏನಾಯಿತು?"

ಸುಳ್ಳು ಹೇಳುವುದು ನನಗೆ ಸಾಧ್ಯವಿಲ್ಲ. "ಒಂದು ಮಾತು ಕೊಟ್ಟಿದ್ದೇನೆ ಮಾಸಿ. ಅದನ್ನು ಮುರಿದು ಒಳಗೆ ಬರಲಾರೆ" ಎಂದೆ.

ಮಾಸಿ ಚೀಲ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಮಗಳ ಕಡೆ ತಿರುಗಿದರು. "ಮಮ್ಮಿ ಎಷ್ಟು ಹೊತ್ತು ಹೀಗೆ ನಿಂತಿರುತ್ತಾಳೆ, ಬೇಟಾ?"

"ಪಪ್ಪ ಬರುವವರೆಗೆ ಮಮ್ಮಿ ಒಳಗೆ ಬರುವುದಿಲ್ಲ" ಎಂದಳು ಮಗಳು. ಪ್ರತಿ ಅಕ್ಷರವೂ ಸತ್ಯ.

ಮಾಸಿ ತಲೆಯಾಡಿಸಿದರು. "ತಿಳಿಯಿತು. ನಾನೂ ಒಂದು ಸಲ ಹೀಗೇ ಹಟ ಹಿಡಿದು ಹೊರಗೆ ನಿಂತಿದ್ದೆ. ನಮ್ಮ ಮನೆಯವರು ಬಂದು ತಪ್ಪಾಯಿತು ಅಂದ ಮೇಲೇ ಹೊಸ್ತಿಲು ದಾಟಿದ್ದು."

ನಾನು ಏನಾದರೂ ಹೇಳುವ ಮೊದಲೇ ಮಾಸಿ ಎದುರುಮನೆಯ ಬೆನ್ ಅನ್ನು ಕೂಗಿದರು. ಆಕೆ ಪಕ್ಕದವಳನ್ನು ಕೂಗಿದಳು. ನನಗೆ ಒಂದು ಸ್ಟೂಲು ಬಂತು, ಒಂದು ಶಾಲು ಬಂತು. ಮಗನಿಗೆ ಢೋಕ್ಲಾ ಬಂತು. ಸ್ಟೂಲಿನ ಮೇಲೆ, ತೊಡೆಯಲ್ಲಿ ಚೀಲ ಇಟ್ಟುಕೊಂಡು ಕೂತೆ. ಯಾರೋ ನನ್ನ ಭುಜ ತಟ್ಟಿ, "ಆ ಮನುಷ್ಯ ನೋಡಲು ಎಷ್ಟು ಸಾಧು ಕಾಣುತ್ತಿದ್ದ" ಎಂದರು.

ಆ ಸಾಧು ಮನುಷ್ಯ ಸ್ಕೂಟರಿನಲ್ಲಿ ಬಂದು ನಿಂತಾಗ ಗೇಟಿನ ಮುಂದೆ ಜಾಗವಿರಲಿಲ್ಲ.

"ಹೆಲ್ಮೆಟ್ ತೆಗಿ" ಎಂದರು ಮಾಸಿ. ತೆಗೆದರು. "ನಾಚಿಕೆಯಾಗುವುದಿಲ್ಲವಾ? ಎರಡು ಮಕ್ಕಳನ್ನು ಕಟ್ಟಿಕೊಂಡು ಅವಳು ಚಳಿಯಲ್ಲಿ ಕೂತಿದ್ದಾಳೆ. ಮೊದಲು ತಪ್ಪಾಯಿತು ಅನ್ನು."

ಏನು ತಪ್ಪೆಂದು ಕೇಳದೆ ಕ್ಷಮೆ ಕೇಳುವ ಒಳ್ಳೆಯ ಗುಣ ನನ್ನ ಯಜಮಾನರಿಗಿದೆ. "ತಪ್ಪಾಯಿತು" ಎಂದರು. ಮಾಸಿಗೆ ಸಾಲಲಿಲ್ಲ. ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿಸಿದರು.

"ಮುಗಿಯಿತು. ಈಗ ಏಳು" ಎಂದು ಮಾಸಿ ನನ್ನ ತೊಡೆಯ ಮೇಲಿನ ಚೀಲಕ್ಕೆ ಕೈ ಹಾಕಿದರು.

"ಬೇಡ ಮಾಸಿ, ಅದು ಭಾರ. ನಾನೇ..."

"ಎರಡು ಕೊಡ ನೀರು ಹೊತ್ತು ಬೆಳೆದವಳು ನಾನು. ಬಿಡು."

ನಾನು ಬಿಡಲಿಲ್ಲ. ಮಾಸಿಯೂ ಬಿಡಲಿಲ್ಲ. ಡಬ್ಬಿಯೊಳಗೆ ಏನೋ ಕದಲಿತು. ನಾನು ಬಿಟ್ಟೆ. ಮಾಸಿ ಚೀಲವನ್ನು ಎದೆಗವಚಿಕೊಂಡು ಗೇಟು ದಾಟಿದರು, ಜಗಲಿ ದಾಟಿದರು, ಮೆಟ್ಟಿಲು ಹತ್ತಿದರು. ನಮ್ಮ ಮನೆಯೊಳಗೆ ಹೋಗಿ, ಅದನ್ನು ನೇರವಾಗಿ ದೇವರ ಪಟಗಳ ಮುಂದಿಟ್ಟು ದೀಪ ಹಚ್ಚಿದರು. ಈ ಸಂಸಾರ ಒಡೆಯದೆ ಉಳಿಯಲಿ ಎಂದು ಕಣ್ಮುಚ್ಚಿ ಬೇಡಿಕೊಂಡರು. ಒಡೆಯದೆ ಉಳಿಯಲಿ ಎಂದು ಅವರ ಹಿಂದೆ ನಿಂತು ನಾನೂ ಬೇಡಿಕೊಂಡೆ.

ಅವರು ಕೆಳಗಿಳಿದು ಹೋದ ಮೇಲೆ ಯಜಮಾನರು ಕೇಳಿದರು, "ಅದರಲ್ಲಿ ಏನಿದೆ?"

"ಮೊಟ್ಟೆ."

ಅವರು ಹೆಲ್ಮೆಟ್ ಕೆಳಗಿಟ್ಟು, "ಹಾಗಾದರೆ ನಾನು ಕ್ಷಮೆ ಕೇಳಿದ್ದು ಕೋಳಿಯ ಪರವಾಗಿ" ಎಂದರು.

ಬಾಯಿ ತುಂಬ

ಬೆಳಿಗ್ಗೆ ಮಾಸಿ ಏಳುವ ಮೊದಲು, ಶಾಲೆಗೆ ರಜೆಯಿದ್ದ ಮಕ್ಕಳನ್ನು ಕರೆದುಕೊಂಡು ಹೊರಡಬೇಕೆಂದಿದ್ದೆ. ಅವರು ನಮಗಿಂತ ಮೊದಲೇ ಎದ್ದು ಉಯ್ಯಾಲೆಯಲ್ಲಿ ಕೂತಿದ್ದರು. ಗೇಟಿನಲ್ಲಿ ಎದುರುಮನೆಯ ಬೆನ್ ಹಾಲಿನ ಚೀಲ ಹಿಡಿದು ನಿಂತಿದ್ದಳು.

"ಮತ್ತೆ ಚೀಲ ಹಿಡಿದು ಹೊರಟೆಯಾ?" ಮಾಸಿ ಉಯ್ಯಾಲೆಯಿಂದ ಇಳಿದರು. "ಮತ್ತೆ ಏನು ಮಾಡಿದ?"

"ನಾವು ಫತೇಗಂಜಿನ ಬೇಕರಿಗೆ ಹೋಗುತ್ತೇವೆ. ಆಮೇಲೆ ಕಾನ್ವೆಂಟಿನ ಸಿಸ್ಟರ್‌ಗೆ ಕೇಕ್ ಕೊಟ್ಟು ಮನೆಗೆ ಬರುತ್ತೇವೆ" ಎಂದಳು ಮಗಳು.

ಮಾಸಿಗೆ ಜೀವ ಬಂತು. ಗೇಟಿನವರೆಗೂ ನಮ್ಮ ಜೊತೆಗೇ ನಡೆದುಬಂದರು. ರಿಕ್ಷಾ ಬಂದು ನಿಂತಿತು. ಇನ್ನೊಂದು ಹೆಜ್ಜೆ, ಅಷ್ಟೆ. ಮಾಸಿ ನನ್ನ ಮುಂಗೈ ಹಿಡಿದು ಎದುರುಮನೆಯವಳ ಕಡೆ ತಿರುಗಿದರು.

"ನಿನ್ನ ಮೇಲಿನ ಮನೆಗೆ ಬಾಡಿಗೆಯವರನ್ನು ಹುಡುಕುತ್ತಿದ್ದೀಯಲ್ಲ, ಇಂಥವರನ್ನು ಹುಡುಕು. ಆ ಆಮ್ಲೆಟ್‌ನವರಂತಲ್ಲ. ಬಂದ ದಿನ ಒಂದು ಮಾತು ಕೊಟ್ಟಳು, ನಾನು ಈ ಮನೆಯೊಳಗೆ ಮೊಟ್ಟೆ ತರುವುದಿಲ್ಲ ಅಂತ. ಇವತ್ತಿನವರೆಗೆ ತಂದಿಲ್ಲ."

"ಇಲ್ಲ ಮಾಸಿ" ಎಂದೆ. "ಇವತ್ತಿನವರೆಗೂ ನಾನು ತಂದಿಲ್ಲ." ಅದು ಸತ್ಯ.

"ಈ ಮನೆಯೊಳಗೆ ಮೊಟ್ಟೆ ಬಂದೇ ಇಲ್ಲ. ಹೌದಲ್ಲವಾ ಬೇಟಾ?" ಮಾಸಿ ಮಗಳನ್ನು ಕೇಳಿದರು.

ಮಗಳು ಬೆನ್ನು ನೆಟ್ಟಗೆ ಮಾಡಿದಳು. ಕೈಗಳನ್ನು ಹಿಂದೆ ಕಟ್ಟಿದಳು. ಪೂರ್ಣ ವಾಕ್ಯಕ್ಕೆ ಬೇಕಾದಷ್ಟು ಉಸಿರು ಎಳೆದುಕೊಂಡು ಬಾಯಿ ತೆರೆದಳು.

ನಾನು ಚೀಲಕ್ಕೆ ಕೈ ಹಾಕಿ, ಸಿಕ್ಕಷ್ಟು ಟುಟ್ಟಿ ಫ್ರುಟಿ ತೆಗೆದು ಆ ಬಾಯಿಗೆ ತುಂಬಿದೆ. ನಡುಬೀದಿಯಲ್ಲಿ, ನನ್ನ ಕೈಯಾರೆ, ಎಲ್ಲರ ಎದುರಿಗೆ.

ಅವಳು ಕಣ್ಣರಳಿಸಿ ನನ್ನನ್ನು ನೋಡಿದಳು. ಮಾಸಿಯನ್ನು ನೋಡಿದಳು. ಬಾಯಿ ಮುಚ್ಚಿದಳು. ರಿಕ್ಷಾ ಬೀದಿಯ ತಿರುವು ದಾಟುವವರೆಗೂ ನಿಧಾನವಾಗಿ, ಮೂವತ್ತೆರಡು ಸಲ ಅಗಿಯುತ್ತಲೇ ಇದ್ದಳು. ಬಾಯಲ್ಲಿ ತಿಂಡಿ ಇರುವಾಗ ಮಾತಾಡುವ ಮಗುವನ್ನು ನಾನು ಬೆಳೆಸಿರಲಿಲ್ಲ.