ದೊಡ್ಡಪ್ಪನ ಎಂಟಿಲ್ಲದ ಸಂಖ್ಯೆ

ನಮ್ಮ ದೊಡ್ಡಪ್ಪ ಒಂದು ಸಂಖ್ಯೆಯ ಜೊತೆ ಸಂಸಾರ ಮಾಡುತ್ತಿದ್ದಾರೆ ಅಂದರೆ ನೀವು ನಂಬಲಿಕ್ಕಿಲ್ಲ. ದೊಡ್ಡಮ್ಮ ನಂಬಿದ್ದಾರೆ; ಸವತಿಗೆ ಸಿಗುವ ಮರ್ಯಾದೆ ತನಗಿಲ್ಲವೆಂದು ಗೊಣಗುತ್ತಾರೆ! ಆ ಸಂಖ್ಯೆ 12345679. ಇನ್ನೊಮ್ಮೆ ನೋಡಿ, ಎಂಟು ನಾಪತ್ತೆ. ಎಂಟೆಲ್ಲಿ ಅಂತ ಕೇಳಿದರೆ ಮಾತ್ರ ದೊಡ್ಡಪ್ಪ ಮಾತು ಮರೆಸಿ ಕಾಫಿ ಕೇಳುತ್ತಾರೆ.

ಒಮ್ಮೆ ಯಲಹಂಕದಿಂದ ಹೆಬ್ಬಾಳಕ್ಕೆ ಹೋಗುವಾಗ ಬಸ್ಸಿನ ಕಂಡಕ್ಟರನ್ನೇ ಹಿಡಿದರು.

"ನಿಮಗಿಷ್ಟವಾದ ಒಂದ್ ಅಂಕಿ ಹೇಳಿ ಗುರು."

"ಐದು. ಈಗ ಟಿಕೆಟ್ ತಗೊಳ್ಳಿ ಸಾರ್."

"ಐದೊಂಬತ್ಲ ನಲವತ್ತೈದು. ನನ್ ನಂಬರ್‌ನ ನಲವತ್ತೈದ್ರಿಂದ ಗುಣ್ಸಿ ನೋಡಿ!"

ಕಂಡಕ್ಟರ್ ಮೊಬೈಲಿನಲ್ಲಿ ಒತ್ತಿದ. 555555555! ಬೆಪ್ಪಾಗಿ ಸೀಟಿ ಊದುವುದನ್ನೇ ಮರೆತ, ಬಸ್ಸು ಎರಡು ಸ್ಟಾಪು ದಾಟಿತು. ಇಳಿಯಬೇಕಿದ್ದವರು ಬೈಯುತ್ತಿದ್ದರೆ ಡ್ರೈವರ್ ಕೂಗಬೇಕೇ, "ಯಜಮಾನ್ರೇ, ನಮ್ದು ಮೂರು!" ಯಾವ ಅಂಕಿಯಾದರೂ ಸರಿ, ಒಂಬತ್ತು ಸಲ ಸಾಲಾಗಿ ಬರುತ್ತದೆ. ಯಾರಾದರೂ ಎಂಟು ಅಂದರೆ ಮಾತ್ರ ದೊಡ್ಡಪ್ಪ, "ಬೇರೆ ಹೇಳಿ" ಅನ್ನುತ್ತಾರೆ.

ಆರ್.ಟಿ. ನಗರದ ಹಲ್ಲಿನ ಡಾಕ್ಟರು ಬಿದ್ದ ಹಲ್ಲಿನ ಜಾಗಕ್ಕೆ ಹೊಸದು ಕೂರಿಸುತ್ತೇನೆಂದರೂ ಒಪ್ಪಲಿಲ್ಲ. "ಒಂದಿಲ್ದಿದ್ರೂ ಸಾಲು ನಡೀತದೆ ಡಾಕ್ಟ್ರೇ, ತೋರಿಸ್ಲಾ?" ಅಂತ ಪೆನ್ನು ಕೇಳಿದರು. ಡಾಕ್ಟರು ಗಡಿಬಿಡಿಯಿಂದ ಮುಂದಿನವರನ್ನು ಕರೆದರು.

ದೊಡ್ಡಪ್ಪನಿಗೆ ತಪ್ಪು ಲೆಕ್ಕ ಕಂಡರೆ ಮೈಯೆಲ್ಲ ಉರಿ. ಮನೆಗೆ ಅನಾಹುತವಾದದ್ದೂ ಅದರಿಂದಲೇ. ಅವರ ಒಡಹುಟ್ಟಿದವರು, ಅವರೂ ಸೇರಿ, ಒಂಬತ್ತು ಜನ. ಎಂಟನೆಯವರು ನನ್ನ ಅತ್ತೆ. ಮೂವತ್ತು ವರ್ಷದ ಹಿಂದೆ ಅತ್ತೆಯ ಮದುವೆಯಲ್ಲಿ, ಬಾಸಿಂಗ ಕಟ್ಟಿಕೊಂಡು ಕೂತಿದ್ದ ವರನಿಗೆ ದೊಡ್ಡಪ್ಪ ಪರೀಕ್ಷೆ ಇಟ್ಟರು: "ಎಂಟೊಂಬತ್ಲ ಎಷ್ಟು?" ಗಾಬರಿಯಲ್ಲಿ ಅವರು ಎಪ್ಪತ್ತಾರು ಅಂದುಬಿಟ್ಟರು. "ಮಗ್ಗಿ ಬರದೋನಿಗೆ ಹೆಣ್ ಕೊಡ್ತಿದೀವಲ್ಲಪ್ಪಾ!" ಛತ್ರಕ್ಕೆ ಛತ್ರವೇ ನಕ್ಕಿತು. ಅಂದು ಗಂಡನ ಜೊತೆ ರಾಜಾನುಕುಂಟೆಗೆ ಹೋದ ಅತ್ತೆ ಮತ್ತೆ ತವರಿನ ಹೊಸಿಲು ತುಳಿಯಲಿಲ್ಲ.

ಈ ವರ್ಷ ದೊಡ್ಡಪ್ಪನಿಗೆ ಎಪ್ಪತ್ತೆರಡು ತುಂಬಿತು. ಹುಟ್ಟುಹಬ್ಬದ ಬೆಳಿಗ್ಗೆ ತಮ್ಮ ಸಂಖ್ಯೆಯನ್ನು ವಯಸ್ಸಿನಿಂದ ಗುಣಿಸಿ ಚೀಟಿಯಲ್ಲಿ ಬರೆದರು: 888888888. ಕಾಣೆಯಾಗಿದ್ದ ಎಂಟು ಒಂಬತ್ತು ಸಲ ಬಂದು ನಿಂತಿತ್ತು! ಅವರ ಕಣ್ಣು ಒದ್ದೆಯಾಗಿತ್ತು.

"ಗಾಡಿ ತೆಗಿಯೋ. ತಂಗಿ ಮನೆಗ್ ಹೋಗ್ಬೇಕು."

ಗೇಟಿಗೆ ಬಂದವರು ಅತ್ತೆಯ ಗಂಡ. ದೊಡ್ಡಪ್ಪ ಚಾಚಿದ ಚೀಟಿಯನ್ನು ನೋಡಲಿಲ್ಲ, ಚಿಲಕವನ್ನೂ ತೆಗೆಯಲಿಲ್ಲ.

"ಎಂಟೊಂಬತ್ಲ ಎಷ್ಟು ಭಾವ?" ಅಂದರು.

ದೊಡ್ಡಪ್ಪ ಸತ್ತರೂ ತಪ್ಪು ಮಗ್ಗಿ ಹೇಳುವವರಲ್ಲ!

ಅವರು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡರು. ತಲೆ ತಗ್ಗಿಸಿ, "ಎಪ್ಪತ್ತಾರು" ಅಂದರು.

ಒಳಗಿನಿಂದ ಅತ್ತೆ ಓಡಿ ಬಂದು ಚಿಲಕ ತೆಗೆದರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ.

"ತಪ್ಪು ಕಣಣ್ಣಾ," ಅಂದರು. "ಒಳಗ್ ಬಾ."