ಮಾವನ ತಲೆ, ಅಳಿಯನ ಯಂತ್ರ

ಅಳಿಯನಿಗೆ ಒಂದು ತಲೆ ಕಡಿಮೆ ಬಿದ್ದಿತ್ತು.

ಅಕ್ಕನ ಮಗನಾದ ಅವನು ಮನೋರೋಗದ ಆಸ್ಪತ್ರೆಯಲ್ಲಿ ಸಂಶೋಧಕ. ಖಿನ್ನತೆಯಿಂದ ನರಳುವವರ ಮಿದುಳಿನೊಳಗೆ ಏನಾಗುತ್ತದೆಂದು ಹೊಸ ಯಂತ್ರವೊಂದರಲ್ಲಿ ನೋಡುತ್ತಿದ್ದ. ಹೋಲಿಸಲು ಯಾವ ಕಾಯಿಲೆಯೂ ಇಲ್ಲದ ತಲೆಗಳೂ ಬೇಕಲ್ಲ? ಬರುತ್ತೇನೆಂದು ಒಪ್ಪಿದ್ದ ಒಬ್ಬಾತ ಅವತ್ತು ಬೆಳಿಗ್ಗೆ ಕೈಕೊಟ್ಟ. ಅಳಿಯ ಸೋದರಮಾವನಿಗೆ ಫೋನ್ ಮಾಡಿದ.

ಸೋದರಮಾವ ಎಂದರೆ ನಿಧಾನಪ್ಪ. ಹಾರ್ನ್ ಒತ್ತುವುದೇ ಅಸಭ್ಯತೆ ಎಂದು ನಂಬಿದ್ದ ಬಸ್ ಚಾಲಕನಿಗೆ ಡಿಪೋದವರು ಇಟ್ಟ ಹೆಸರು ಅದು. ಮರುದಿನ ಅವನ ಬಾಳಿನ ದೊಡ್ಡ ದಿನ. ಎರಡು ಬಸ್ಸು ಸೇರಿಸಿ ಹೊಲಿದಷ್ಟು ಉದ್ದದ, ತಿರುವಿನಲ್ಲಿ ನಡು ಬಳುಕಿಸುವ ಹೊಸ ಬಸ್ಸು ಅವನ ಕೈಗೆ ಬರಲಿತ್ತು. ಅವತ್ತು ಹೇಗೂ ರಜ. ಇಷ್ಟು ವರ್ಷ ಕಂಡವರೆಲ್ಲ ಅವನ ತಲೆ ತಿಂದವರೇ. ತಲೆ ಬೇಕು ಎಂದು ಮರ್ಯಾದೆಯಿಂದ ಕೇಳಿದವನು ಅಳಿಯನೊಬ್ಬನೇ. ಹೆಂಡತಿ ಪೇಟೆಗೆ ಹೋಗಿದ್ದಳು. ಅವಳು ಬರುವವರೆಗೂ ಕಾಯದೆ ನಿಧಾನಪ್ಪ ಓಡಿದ.

ಕಾಯುವ ಕೋಣೆಯಲ್ಲಿ ಪಕ್ಕದ ಕುರ್ಚಿಯ ಹೆಂಗಸು, ಚಿಕಿತ್ಸೆಗೆ ಬಂದವರು, ಅವನ ಕಾಲು ನಡುಗುವುದನ್ನು ಕಂಡು ಹೆದರಬೇಡಿ, ಸದ್ದು ಜಾಸ್ತಿ ಅಷ್ಟೇ, ನೋವೇನೂ ಆಗಲ್ಲ ಎಂದು ಧೈರ್ಯ ಹೇಳಿದರು. ಆಮೇಲೆ ತಲೆಗೆ ತಂತಿಗಳ ಟೋಪಿ ಬಂತು. ಒಂದೊಂದು ತಂತಿಯ ಬುಡಕ್ಕೂ ತಣ್ಣನೆಯ ಅಂಟು. ಯಂತ್ರ ಚಿತ್ರ ತೆಗೆಯುತ್ತಾ ಮಿದುಳಿನ ಯಾವ ಮೂಲೆಗೆ ರಕ್ತ ಜಾಸ್ತಿ ಹರಿಯುತ್ತಿದೆ ಎಂದು ತೋರಿಸಿದರೆ, ಅದೇ ಹೊತ್ತಿಗೆ ಟೋಪಿ ಮಿದುಳಿನ ವಿದ್ಯುತ್ತಿನ ಅಲೆ ಹಿಡಿಯುತ್ತದಂತೆ.

"ಒಂದು ಎಲ್ಲಿ ಅಂತ ಹೇಳುತ್ತೆ, ಇನ್ನೊಂದು ಯಾವಾಗ ಅಂತ ಹೇಳುತ್ತೆ ಮಾವ," ಎಂದ ಅಳಿಯ. "ಎರಡನ್ನೂ ಜೋಡಿಸಿದ್ರೆ ಏನೂ ಮುಚ್ಚಿಡಕ್ಕಾಗಲ್ಲ."

ಮುಚ್ಚಿಡಲು ತನ್ನಲ್ಲೇನಿದೆ ಎಂದು ನಿಧಾನಪ್ಪ ನಕ್ಕು ಮಲಗಿದ. ಯಂತ್ರ ತಗಡಿನ ಅಂಗಡಿಯಂತೆ ಬಡಿದುಕೊಂಡಿತು. ಎದುರಿಗೆ ಮುಖಗಳ ಚಿತ್ರಗಳು ಒಂದಾದ ಮೇಲೊಂದು ಬಂದವು. ಅಳುಮುಖ ಕಂಡಾಗಲೆಲ್ಲ ಅವನು ಕೈಯಲ್ಲಿದ್ದ ಗುಂಡಿ ಒತ್ತಿದ. ಹೊರಬಂದಾಗ ಮೈ ಎಷ್ಟು ಹಗುರ, ಮನಸ್ಸು ಎಷ್ಟು ಉಲ್ಲಾಸವೆಂದರೆ, ವಿಜ್ಞಾನ ಸೇವೆ ಎಂದರೆ ಇದೇ ಇರಬೇಕು ಎಂದುಕೊಂಡ.

ಆಸ್ಪತ್ರೆಯ ಗೇಟಿನಲ್ಲಿ, ಅಂಟು ಒಣಗಿ ಕೂದಲು ಮುಳ್ಳುಹಂದಿಯ ಬೆನ್ನಿನಂತೆ ನಿಂತು, ತನ್ನಷ್ಟಕ್ಕೆ ನಗುತ್ತಿದ್ದ ಅವನನ್ನು ಎದುರುಮನೆ ಟೀಚರಮ್ಮ ಬಸ್ಸಿನ ಕಿಟಕಿಯಿಂದ ಕಂಡರು. ಅಷ್ಟು ಸಾಕಾಯಿತು.

ನಿಧಾನಪ್ಪ ಮನೆ ಮುಟ್ಟುವ ಹೊತ್ತಿಗೆ ಅರ್ಧ ಬೀದಿ ಅವನ ನಡುಮನೆಯಲ್ಲಿತ್ತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ತರಕಾರಿ ಹೆಚ್ಚುವ ಚಾಕುವನ್ನು ಯಾರೋ ಆಗಲೇ ಅಟ್ಟ ಸೇರಿಸಿದ್ದರು.

"ನನ್ನ ಹತ್ರ ಒಂದು ಮಾತು ಹೇಳ್ಕೋಬಾರದಿತ್ತಾ?" ಎಂದಳು ಹೆಂಡತಿ.

ತನಗೇನೂ ಆಗಿಲ್ಲ, ಏನೂ ಆಗಿಲ್ಲವೆಂದೇ ಅಲ್ಲಿಗೆ ಕರೆದದ್ದು ಎಂದು ಅವನು ವಿವರಿಸಿದ. ಟೀಚರಮ್ಮ ಒಂದನೇ ತರಗತಿಯ ದನಿ ತೆಗೆದು, "ಹೌದಪ್ಪಾ, ಏನೂ ಆಗಿಲ್ಲ. ಕೂತ್ಕೋ, ನೀರು ಕುಡಿ," ಎಂದರು. ಅವನು ಹುಟ್ಟಿದಂದಿನಿಂದ ಏರಿಸದಿದ್ದ ದನಿಯನ್ನು ಏರಿಸಿದ. ಎಲ್ಲರೂ ಮುಖಮುಖ ನೋಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

ಟೀಚರಮ್ಮನ ತಮ್ಮ, ಮೀಸೆ ಎಂದೇ ಹೆಸರಾದವನು, ಅದೇ ಡಿಪೋದ ಚಾಲಕ. ಹೊಸ ಬಸ್ಸಿನ ಸರದಿಯಲ್ಲಿ ನಿಧಾನಪ್ಪನ ಹಿಂದೆಯೇ ಇದ್ದವನು. ಹೀಗಾಗಿ ಸುದ್ದಿಗೆ ಕಾಲು ಬಂದು, ಡಿಪೋದಿಂದ ಕರೆಯೂ ಬಂತು.

ಡಿಪೋದ ಮ್ಯಾನೇಜರ್ ತಮ್ಮ ಮೆತ್ತನೆ ಕುರ್ಚಿಯಲ್ಲೇ ಅವನನ್ನು ಕೂರಿಸಿದರು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ತಮ್ಮ ಸ್ವಂತ ಅಣ್ಣನೇ ಔಷಧಿ ತೆಗೆದುಕೊಂಡು ಹುಷಾರಾಗಿದ್ದಾನೆ, ಧಾರಾಳವಾಗಿ ವಿಶ್ರಾಂತಿ ತಗೋ ಎಂದರು. ಬಸ್ಸನ್ನು ಸದ್ಯಕ್ಕೆ ಮೀಸೆ ನೋಡಿಕೊಳ್ಳುತ್ತಾನೆ. ಬಾಗಿಲಲ್ಲಿ ಮೀಸೆ ಅದರ ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದ. ನಿಧಾನಪ್ಪ ಕೂತಲ್ಲಿಂದಲೇ ಅಳಿಯನಿಗೆ ಫೋನ್ ಮಾಡಿದ.

ಅಳಿಯ ಲ್ಯಾಪ್‌ಟಾಪ್ ಅವಚಿಕೊಂಡು ಏದುಸಿರು ಬಿಡುತ್ತಾ ಬಂದ. ಅವನೂ ಅದ್ಯಾವುದೋ ಉತ್ಸಾಹದಲ್ಲಿ ಕುದಿಯುತ್ತಿದ್ದ. ಮಾವ ರೋಗಿಯಾಗಿ ಬಂದದ್ದಲ್ಲ, ರೋಗವಿಲ್ಲದವರ ಲೆಕ್ಕಕ್ಕೆ ಬಂದದ್ದು, ಪರೀಕ್ಷಿಸಿಯೇ ಒಳಗೆ ಬಿಟ್ಟದ್ದು ಎಂದು ಎಲ್ಲರೆದುರು ಬಿಡಿಸಿ ಹೇಳಿದ. ಗಂಡನ ಹಿಂದೆಯೇ ಟೀಚರಮ್ಮನ ಜೊತೆ ಬಂದಿದ್ದ ಹೆಂಡತಿ ಈ ಸಲ ಸಂತೋಷಕ್ಕೆ ಅತ್ತಳು. ಟೀಚರಮ್ಮ, ತಾನು ಮೊದಲಿಂದಲೂ ಅದನ್ನೇ ಹೇಳುತ್ತಿದ್ದೆ ಎಂದರು. ಮ್ಯಾನೇಜರ್ ಎದ್ದು ನಿಂತು ಕ್ಷಮೆ ಕೇಳಿದರು. ಮೀಸೆ ಮುಖ ಇಳಿಸಿಕೊಂಡು ಬೀಗದ ಕೈ ಒಪ್ಪಿಸಿದ. ನಿಧಾನಪ್ಪನ ಎದೆ ಹೊಸ ಟೈರಿನಂತೆ ಉಬ್ಬಿತು.

"ಇನ್ನೊಂದು ವಿಷಯ ಇದೆ ಮಾವ," ಎಂದ ಅಳಿಯ. "ಇಲ್ಲೇ ಹೇಳ್ಲಾ?"

"ಹೇಳು. ಎಲ್ಲಾ ಹೇಳು," ಎಂದ ನಿಧಾನಪ್ಪ. "ಎಲ್ಲರೂ ಕೇಳ್ಲಿ."

ಅಳಿಯ ಲ್ಯಾಪ್‌ಟಾಪ್ ಬಿಚ್ಚಿದ. ಯಂತ್ರದೊಳಗಿನ ಸಣ್ಣ ಕ್ಯಾಮೆರಾ ತೆಗೆದ ವಿಡಿಯೋದಲ್ಲಿ ನಿಧಾನಪ್ಪನ ಎರಡೂ ಕಣ್ಣು ದೀಪದಂತೆ ತೆರೆದಿದ್ದವು. ಗುಂಡಿಯನ್ನೂ ಒತ್ತುತ್ತಿದ್ದ. ಅದರ ಕೆಳಗೆ ಅಲೆಗಳ ಗೀಟುಗಳು.

"ಈ ಅಲೆ ನೋಡಿ ಸಾರ್, ಇದು ನಿದ್ದೆ. ರಕ್ತದ ಚಿತ್ರವೂ ಅದನ್ನೇ ಹೇಳ್ತಿದೆ. ಒಂದೇ ಯಂತ್ರ ಇದ್ದಿದ್ರೆ ಏನೋ ದೋಷ ಅಂತ ಬಿಟ್ಟುಬಿಡ್ತಿದ್ವಿ. ಮಾವ ಕಣ್ಣು ಬಿಟ್ಕೊಂಡು, ಕೆಲಸ ಮಾಡ್ತಾ ಮಾಡ್ತಾನೇ ನಿದ್ದೆ ಮಾಡ್ತಾರೆ. ಎದುರಿಗಿದ್ದವರಿಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ."

ಮ್ಯಾನೇಜರ್ ಒಮ್ಮೆ ಕಿಟಕಿಯಾಚೆಯ ಆ ಉದ್ದನೆ ಬಸ್ಸನ್ನೂ, ಒಮ್ಮೆ ನಿಧಾನಪ್ಪನ ಅಗಲವಾಗಿ ತೆರೆದ ಕಣ್ಣುಗಳನ್ನೂ ನೋಡಿದರು. ಆಮೇಲೆ ಮೆಲ್ಲಗೆ ಕೈ ಚಾಚಿದರು. ನಿಧಾನಪ್ಪ ಬೀಗದ ಕೈ ಕೊಟ್ಟ.

ಅಳಿಯನಿಗೆ ಇದಾವುದರ ಪರಿವೆಯೂ ಇರಲಿಲ್ಲ. "ಮುಂದಿನ ವಾರ ಮತ್ತೆ ಬರಬೇಕು ಮಾವ, ಇಡೀ ದಿನ ಬೇಕಾಗುತ್ತೆ. ನಿಮಗೆ ಬಿಡುವಾಗುತ್ತಾ?"

ಉತ್ತರ ಕೊಟ್ಟದ್ದು ಮ್ಯಾನೇಜರ್.

"ಆಗುತ್ತಪ್ಪ. ದಿನಾ ಕರ್ಕೊಂಡು ಹೋಗು. ಮೀಸೆ ಬಸ್ಸಲ್ಲಿ ಬಿಟ್ಟು ಬರ್ತಾನೆ."